ಉಡಿಗಾಗಿ ಬಿಚ್ಚಿದ ಬಕ್ಕಲ್

ಕುರ್ಲಾದ ನಮ್ಮ ಚಾಳಿನಲ್ಲಿ ನಳದ ನೀರು ಹೊತ್ತಿಗೆ ಸರಿಯಾಗಿ ಬರದಿದ್ದರೂ ಅತ್ತೆ ಸೊಸೆಯರ ಜಗಳ ಮಾತ್ರ ತಪ್ಪದೆ ಬರುತ್ತದೆ. ನಮ್ಮ ಪಕ್ಕದ ಖೋಲಿಯ ಭಾಗವ್ವನಿಗೂ ಅವಳ ಸೊಸೆ ದಾನೇಶ್ವರಿಗೂ ಎರಡು ವರ್ಷದಿಂದ ನಡೆದದ್ದು ಒಂದೇ ಜಗಳ. ಅಡುಗೆಯದ್ದಲ್ಲ, ಒಡವೆಯದ್ದಲ್ಲ. ಸಮುದ್ರದ್ದು.

ನಾನು ಇಂದ್ರಾಬಾಯಿ. ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಯಾರಾದರೂ ಕೆಲಸ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕೈ ಮುಂದೆ ಹೋಗಿರುತ್ತದೆ. ಈ ಕಥೆಯಲ್ಲಿ ತಪ್ಪು ಮಾಡಿದ್ದೂ ಅದೇ ಕೈ. ಅದಕ್ಕೇ ಇದನ್ನು ನಾನೇ ಹೇಳಬೇಕು.

ದಾನೇಶ್ವರಿ ಗೇಟ್‌ವೇ ಹತ್ತಿರ ಒಂದು ಹಾಯಿದೋಣಿಯಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಐದಾರು ಜನರನ್ನು ಹತ್ತಿಸಿಕೊಂಡು, ಸೂರ್ಯ ಮುಳುಗುವ ತನಕ ದಂಡೆಯುದ್ದಕ್ಕೂ ಸುತ್ತಿಸಿ ತರುವ ಚಿಕ್ಕ ದೋಣಿ ಅದು. ಬಟ್ಟೆಯ ಹಾಯಿ ಬಿಚ್ಚಿ ಗಾಳಿಯಲ್ಲೇ ಓಡಿಸುತ್ತಾರೆ. ಹತ್ತುವವರಿಗೆಲ್ಲ ಲೈಫ್ ಜಾಕೆಟ್ ತೊಡಿಸುವುದು, ಹಾಯಿಯ ಹಗ್ಗ ಹಿಡಿಯುವುದು ಅವಳ ಕೆಲಸ.

“ಕಂಡವರ ಮೈಮ್ಯಾಲ ಪಟ್ಟಿ ಬಿಗಿಯೂದು ಒಂದು ಕೆಲಸೇನ?” ಎಂದು ಭಾಗವ್ವ ದಿನಾ ಶುರು ಮಾಡುತ್ತಿದ್ದಳು.

“ನೀರಾಗ ಬಿದ್ರ ಆ ಪಟ್ಟಿನ ಜೀವಾ ಉಳಸ್ತೈತ್ರಿ ಅತ್ತಿ.”

“ನನಗ ಹೇಳಾಕ ಬರಬ್ಯಾಡ. ನಾ ಕೃಷ್ಣಾ ದಂಡಿ ಮ್ಯಾಲ ಹುಟ್ಟಿದಾಕಿ. ಹಣಮಂತನ್ನ ಬಗಲಾಗ ಇಟ್ಕೊಂಡು ಹರಗೋಲದಾಗ ಹೊಳಿ ದಾಟೀನಿ. ಅವತ್ತ ಯಾರು ಜಾಕೀಟು ತೊಡಿಸಿದ್ರು? ದೀಪಾವಳಿಗೆ ಈ ಕೆಲಸಾ ಬಿಡು, ಮುಗೀತು.”

ಹೊಳೆ ದಾಟಿದ್ದು ನಿಜ. ಆದರೆ ಈಜು ಬರುವುದಿಲ್ಲ ಎಂಬುದನ್ನು ಭಾಗವ್ವ ಯಾರಿಗೂ ಹೇಳುತ್ತಿರಲಿಲ್ಲ. ಮಗ ಹಣಮಂತ ಟೈಲ್ಸ್ ಕೂರಿಸುವ ಮೇಸ್ತ್ರಿ. ಅವ್ವನಿಗೂ ಹೌದು ಅನ್ನುತ್ತಿದ್ದ, ಹೆಂಡತಿಗೂ ಹೌದು ಅನ್ನುತ್ತಿದ್ದ, ಚಹಾ ಮುಗಿದ ಕೂಡಲೇ ಹೊರಗೆ ಹೋಗಿಬಿಡುತ್ತಿದ್ದ.

ಮಳೆಗಾಲ ಮುಗಿಯಿತು. ದೋಣಿಗಳು ಮತ್ತೆ ನೀರಿಗಿಳಿದವು. ಸೀಜನ್ ಶುರುವಾಗುವ ಮೊದಲು ಮಾಲಕರು ಕೆಲಸದವರ ಮನೆಮಂದಿಗೆ ಒಂದು ಸಂಜೆಯ ಸುತ್ತಾಟ ಬಿಟ್ಟುಕೊಟ್ಟರು. ದಾನೇಶ್ವರಿ ಅದನ್ನೇ ಹಿಡಿದಳು.

“ಒಂದ ಸಲ ಬಂದು ನನ್ನ ಕೆಲಸಾ ನೋಡ್ರಿ ಅತ್ತಿ. ನೋಡಿದ ಮ್ಯಾಲೂ ಬ್ಯಾಡ ಅಂದ್ರ ಬಿಟ್ಟಬಿಡ್ತೀನಿ.”

“ಖರೇ?”

“ಖರೇರಿ.”

ಭಾಗವ್ವ, ಹಣಮಂತ ಹೊರಟರು. ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗ ಇತ್ತು. ನಾನು ಕೇಳಲೇ ಇಲ್ಲ, ಹೊಸ ಸೀರೆ ಉಟ್ಟು ಹೊರಟೇಬಿಟ್ಟೆ.

ಲೋಕಲ್‌ನಲ್ಲಿ ಸಿಎಸ್‌ಟಿವರೆಗೆ ನನಗೆ ಸಮಾಧಾನವಿಲ್ಲ. ಕೂತೆ, ಎದ್ದೆ, ಕಿಟಕಿಗೆ ಹೋದೆ, ಮತ್ತೆ ಬಂದೆ. ಭಾಗವ್ವ ಒಂದು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಹಿಡಿದಿದ್ದಳು. ಒಳಗೇನಿದೆ ಅಂದರೆ, “ನಿನಗ್ಯಾಕ, ಸುಮ್ಮನ ಕುಂದ್ರು” ಎಂದಳು.

ಗೇಟ್‌ವೇ ಕಟ್ಟೆಯ ಮೇಲೆ ದಾನೇಶ್ವರಿ ಬೇರೆಯೇ ಹೆಣ್ಣಾಗಿ ಕಂಡಳು. ಚಾಳಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಮಾತಾಡುವವಳು ಇಲ್ಲಿ ಪ್ಯಾಂಟು ತೊಟ್ಟು, ಒಬ್ಬೊಬ್ಬರನ್ನೇ ಮುಂದೆ ನಿಲ್ಲಿಸಿ ಜಾಕೆಟ್ ತೊಡಿಸಿದಳು. ಎದೆಯ ಬಕ್ಕಲ್ ಹಾಕಿದಳು. ನಡುವಿನ ಪಟ್ಟಿ ಎಳೆದು ಅದರ ಬಕ್ಕಲ್ ಹಾಕಿದಳು. ಆಮೇಲೆ ಜಾಕೆಟ್ಟಿನ ಎರಡೂ ಹೆಗಲು ಹಿಡಿದು ಮೇಲಕ್ಕೆ ಎತ್ತಿ ನೋಡಿದಳು.

“ಹಿಂಗ ಎತ್ತಿದಾಗ ಕಿವಿತನಾ ಬಂತಂದ್ರ ಸಡಲ ಐತಿ ಅಂತ ತಿಳೀರಿ. ನೀರಾಗ ಇದ ಮೊದಲ ಮ್ಯಾಲ ಹೋಗ್ತೈತಿ, ನಾವು ಕೆಳಗ ಹೋಗ್ತೀವಿ. ನಡುವಿನ ಬಕ್ಕಲ್ ಅಂದ್ರ ಎಲ್ಲಾ.”

“ಉಸುರು ಕಟ್ಟಾಕತ್ತೈತಿ,” ಎಂದು ಭಾಗವ್ವ ನಡುವಿನ ಬಕ್ಕಲ್ ಒತ್ತಿದಳು. ಕೀಲುನೋವಿನ ಬೆರಳು, ಎರಡೂ ಕಡೆ ಒಟ್ಟಿಗೆ ಒತ್ತಲಾಗಲಿಲ್ಲ. ಮೂರು ಸಲ ಒತ್ತಿದಳು, ಬಿಚ್ಚಲಿಲ್ಲ. ದಾನೇಶ್ವರಿ ನೋಡುತ್ತಲೇ ನಿಂತಿದ್ದಳು.

ದೋಣಿ ನಡೆಸುವವರು ಕೊರಗಣ್ಣ, ಉಡುಪಿ ಕಡೆಯವರು. ಹತ್ತಿದ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು. “ನೋಡಿ, ಗಾಳಿಗೆ ಬೋಟು ಒಂದು ಬದಿಗೆ ವಾಲ್ತದೆ, ಹೆದರ್ಲಿಕ್ಕಿಲ್ಲ. ನಾನು ತಿರುಗಿಸ್ತೇನೆ ಅಂತ ಕೂಗಿದ್ರೆ ಕೂತಲ್ಲಿಂದ ಏಳ್ಲಿಕ್ಕಿಲ್ಲ. ಎಲ್ಲರೂ ಒಂದೇ ಬದಿಗೆ ಬರ್ಲಿಕ್ಕಿಲ್ಲ. ಯಾರಾದ್ರೂ ನೀರಿಗೆ ಬಿದ್ರೆ ಕೈ ಮೇಲೆ ಮಾಡ್ಲಿಕ್ಕಿಲ್ಲ. ಎದೆ ಅಪ್ಪಿಕೊಂಡು, ಕಾಲು ಮಡಚಿಕೊಂಡು ಇರ್ಬೇಕು. ತಿಳೀತಾ ಅಮ್ಮ?”

ನಾನು ತಲೆ ಆಡಿಸಿದೆ. ಕೇಳಿಸಿಕೊಂಡಿದ್ದರೆ ತಾನೆ? ನನ್ನ ಕಣ್ಣು ದೂರದ ದೊಡ್ಡ ಹಡಗುಗಳ ಮೇಲಿತ್ತು.

ಹಾಯಿ ಗಾಳಿ ತುಂಬಿಕೊಂಡಿತು. ದೋಣಿ ಓರೆಯಾಗಿ ಓಡತೊಡಗಿತು. ಗೇಟ್‌ವೇ ಚಿಕ್ಕದಾಯಿತು, ಜನ ಚುಕ್ಕೆಗಳಾದರು. ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ ಅಂದುಕೊಂಡಿದ್ದೆ. ಅವನು ನೋಡಿದರೆ ಊರಿನ ಬಿಲ್ಡಿಂಗುಗಳ ಹಿಂದೆ ಇಳಿಯುತ್ತಿದ್ದ. ಈ ಊರಲ್ಲಿ ಸೂರ್ಯನಿಗೂ ಜಾಗದ ತಾಪತ್ರಯ ಎಂದು ಹಣಮಂತ ನಕ್ಕ. ನನಗೆ ನಗು ಬರಲಿಲ್ಲ, ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ದಾನೇಶ್ವರಿ ಮುಂದಿನ ಹಾಯಿಯ ಹಗ್ಗದ ಹತ್ತಿರ ಹೋದಳು. ಅದನ್ನೇ ಕಾಯುತ್ತಿದ್ದವಳಂತೆ ಭಾಗವ್ವ ಕೈಚೀಲ ತೆಗೆದಳು. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ. ಗಂಗವ್ವನಿಗೆ ಉಡಿ!

ನಮ್ಮ ಕಡೆ ಹೆಂಗಸರು ಹೊಳೆ ದಾಟುವಾಗ ಗಂಗವ್ವನಿಗೆ ಉಡಿ ತುಂಬದೆ ದಾಟುವುದಿಲ್ಲ. ಸೆರಗಿನಲ್ಲಿ ಉಡಿ ಹಿಡಿದು, ಸೆರಗಿನಿಂದಲೇ ನೀರಿಗೆ ಜಾರಿಸಬೇಕು. ಈಗ ನೋಡಿದರೆ ಭಾಗವ್ವನ ಸೆರಗು ಜಾಕೆಟ್ಟಿನ ಪಟ್ಟಿಯೊಳಗೆ ಸಿಕ್ಕಿಕೊಂಡಿದೆ.

“ಇಂದ್ರಾಬಾಯಿ, ಈ ಬಕ್ಕಲ್ ಬಿಚ್ಚ. ಸೆರಗು ಬರವಲ್ದು.”

“ದಾನವ್ವ ಬೈತಾಳ.”

“ಗಂಗವ್ವನ ಮುಂದ ನಡಾ ಬಿಗದು ನಿಂದ್ರತಾರೇನ? ಎರಡ ನಿಮಿಷ. ಆಮ್ಯಾಲ ನೀನ ಹಾಕುವಂತಿ.”

ನನ್ನ ಕೈ ಹೋಯಿತು. ಟಕ್.

ಅವಳು ಸೆರಗು ಎಳೆದುಕೊಂಡಳು, ಉಡಿ ತುಂಬಿಕೊಂಡಳು, ಎದ್ದು ನಿಂತಳು. ಅದೇ ಹೊತ್ತಿಗೆ ಹಿಂದಿನಿಂದ ಕೊರಗಣ್ಣ, “ತಿರುಗಿಸ್ತೇನೆ, ಕೂತ್ಕೊಳ್ಳಿ!” ಎಂದು ಕೂಗಿದರು. ಭಾಗವ್ವ ಕಣ್ಣು ಮುಚ್ಚಿ ಗಂಗವ್ವನನ್ನು ನೆನೆಯುತ್ತಿದ್ದಳು. ದೋಣಿ ಈ ಕಡೆ ವಾಲಿದ್ದು ಆ ಕಡೆ ವಾಲಿತು. ಅಂಚಿನ ತಂತಿ ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ. ಉಡಿಯ ಜೊತೆ ಭಾಗವ್ವನೂ ನೀರಿಗೆ ಹೋದಳು.

ನಾನು ಕಿರುಚಿದೆ. ಹಣಮಂತ ಕಿರುಚಿದ. ಇಬ್ಬರೂ ಒಂದೇ ಅಂಚಿಗೆ ನುಗ್ಗಿದೆವು, ದೋಣಿ ಇನ್ನೂ ವಾಲಿತು.

“ಎಲ್ಲರೂ ಒಂದೇ ಬದಿ ಬರ್ಬೇಡಿ ಮಾರಾಯ್ರೆ! ನೀವೂ ಬೀಳ್ತೀರಿ!” ಎಂದು ಕೊರಗಣ್ಣ ಕೂಗಿದರು.

ಭಾಗವ್ವ ಮೇಲೆ ಬಂದಳು. ಆದರೆ ಜಾಕೆಟ್ಟು ಎದೆಯ ಮೇಲಿರಲಿಲ್ಲ, ಕಿವಿಗೆ ಬಂದಿತ್ತು. ಬಾಯಿ ಮೂಗು ಅದರೊಳಗೆ ಹೂತಿದ್ದವು. ನೀರು ಕುಡಿದ ಸೀರೆ ಅವಳನ್ನು ಕೆಳಗೆ ಎಳೆಯುತ್ತಿತ್ತು.

“ಯವ್ವಾ, ಕೈ ಕೊಡು! ಕೈ ಕೊಡು!” ಎಂದು ಹಣಮಂತ ಕೂಗಿದ. ನಾನೂ ಅದನ್ನೇ ಕೂಗಿದೆ. ಮುಳುಗುವವರಿಗೆ ಬೇರೆ ಏನು ಕೂಗುತ್ತಾರೆ? ಪಾಪ, ಅವಳು ಎರಡೂ ಕೈ ಎತ್ತಿದಳು. ಜಾಕೆಟ್ಟು ಇನ್ನೂ ಮೇಲೆ ಸರಿಯಿತು. ಇನ್ನೊಂದು ಗೇಣು ಸರಿದರೆ ಕಳಚಿಯೇ ಹೋಗುತ್ತಿತ್ತು.

ಆಗ ಮುಂದಿನಿಂದ ದಾನೇಶ್ವರಿ ಓಡಿ ಬಂದಳು. ಮದುವೆಯಾದಾಗಿನಿಂದ ಅತ್ತೆಯ ಎದುರು ದನಿ ಎತ್ತದ ಹೆಣ್ಣು, ಒಂದೇ ಉಸಿರಿಗೆ ಕೂಗಿದಳು. “ಕೈ ಇಳಸು! ಎದಿ ಅವಚ್ಕೋ! ಹಣಮಂತನ್ನ ಅವಚ್ಕೊಂಡಂಗ ಅವಚ್ಕೋ!”

ಆ ಮಾತು ಭಾಗವ್ವನಿಗೆ ಮುಟ್ಟಿತು. ಹರಗೋಲದಲ್ಲಿ ಮಗನನ್ನು ಹಿಡಿದು ಕೂತಿದ್ದು ನೆನಪಾಯಿತೋ ಏನೋ. ಕೈ ಕೆಳಗೆ ಬಂದವು. ಜಾಕೆಟ್ಟನ್ನು ಎದೆಗೆ ಅವಚಿಕೊಂಡಳು. ಮೂಗು ನೀರಿನಿಂದ ಮೇಲೆ ಬಂತು.

ಹಣಮಂತ ಚಪ್ಪಲಿ ಕಳಚಿ ಹಾರಲು ನಿಂತಿದ್ದ. ದಾನೇಶ್ವರಿ ಅವನ ತೋಳು ಹಿಡಿದಳು. “ಹಾರಬ್ಯಾಡ್ರಿ. ಇಬ್ಬರನ್ನ ಎತ್ತಾಕ ಆಗಂಗಿಲ್ಲ. ಅತ್ತಿ ಕಡೆ ಬೆರಳು ಮಾಡಿ ನಿಲ್ರಿ. ಕಣ್ಣು ಅತ್ತಾಗ ಇತ್ತಾಗ ಹೋಗಬಾರ್ದು.”

ಬೆಳಕು ಕಡಿಮೆಯಾಗುತ್ತಿತ್ತು, ಅಲೆಯ ನಡುವೆ ತಲೆ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಹಣಮಂತ ಅಳುತ್ತಲೇ ಬೆರಳು ಚಾಚಿ ನಿಂತ. ಕೊರಗಣ್ಣ ಆ ಬೆರಳು ನೋಡಿಕೊಂಡು ದೋಣಿ ಸುತ್ತಿಸಿ ತಂದರು, ಹಾಯಿ ಸಡಿಲ ಬಿಟ್ಟು ನಿಧಾನ ಮಾಡಿದರು. ದಾನೇಶ್ವರಿ ಹಗ್ಗ ಕಟ್ಟಿದ ತೇಲುವ ಬಳೆ ಎಸೆದಳು. ಮೊದಲನೆಯ ಸಲ ದೂರ ಬಿತ್ತು. ಎಳೆದುಕೊಂಡು ಮತ್ತೆ ಎಸೆದಳು. ಭಾಗವ್ವ ಒಂದು ಕೈಯಿಂದ ಬಳೆ ಹಿಡಿದಳು, ಇನ್ನೊಂದು ಕೈ ಎದೆಯಿಂದ ತೆಗೆಯಲೇ ಇಲ್ಲ.

ನಾನು ಏನು ಮಾಡುತ್ತಿದ್ದೆ? ಬೆಂಚು ಹಿಡಿದು ಕೂತಿದ್ದೆ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಕೈಕಾಲು ಅಲುಗಲಿಲ್ಲ.

ಹಿಂದಿನ ಏಣಿಯಿಂದ ಮೂವರೂ ಸೇರಿ ಅವಳನ್ನು ಮೇಲಕ್ಕೆ ತಂದರು. ಕೆಮ್ಮಿದಳು, ಉಪ್ಪುನೀರು ಕಾರಿದಳು, ಕಣ್ಣು ಬಿಟ್ಟು ಕೇಳಿದಳು, “ಉಡಿ ಬಿತ್ತೇನ?”

ದಾನೇಶ್ವರಿ ಅಳುತ್ತ ಅಳುತ್ತ ಸಿಟ್ಟಾದಳು. “ಬಿತ್ತರಿ. ಉಡೀನೂ ಬಿತ್ತು, ನೀವೂ ಬಿದ್ರಿ. ನಾ ಹಾಕಿದ ಬಕ್ಕಲ್ ಯಾರು ಬಿಚ್ಚಿದ್ರು?”

ಭಾಗವ್ವ ನನ್ನ ಮುಖ ನೋಡಿದಳು.

“ನಾನ ಬಿಚ್ಚೀನಿ,” ಎಂದಳು.

ನಾನು ಸುಮ್ಮನಿದ್ದೆ. ದಂಡೆಗೆ ಬಂದ ಮೇಲೆ ಆಸ್ಪತ್ರೆಗೆ ಕರೆದೊಯ್ದಾಗಲೂ ಸುಮ್ಮನಿದ್ದೆ. ಶ್ವಾಸಕೋಶದೊಳಗೆ ನೀರು ಹೋಗಿದೆಯೇ ಎಂದು ಡಾಕ್ಟರು ನೋಡಿ, ಒಂದು ದಿನ ಇಟ್ಟುಕೊಂಡು ಕಳಿಸಿದರು. ಅವಳು ಮನೆಗೆ ಬಂದಳು. ನನಗೆ ಮಾತ್ರ ಸಮಾಧಾನವಿಲ್ಲ. ರಿಕ್ಷಾದಲ್ಲಿ ಯಾರಾದರೂ ಬ್ಯಾಗಿನ ಬಕ್ಕಲ್ ಬಿಚ್ಚಿದರೆ ಎದೆ ಧಸಕ್ಕೆನ್ನುತ್ತಿತ್ತು. ರೊಟ್ಟಿ ಬಡಿಯುತ್ತ ಕೈ ನಿಂತುಬಿಡುತ್ತಿತ್ತು, ತವೆಯ ಮೇಲಿನ ರೊಟ್ಟಿ ಸೀದುಹೋಗುತ್ತಿತ್ತು.

ಮುಂದಿನ ರವಿವಾರ ಮಧ್ಯಾಹ್ನ ನಮ್ಮ ಮಹಿಳಾ ಸಂಘದ ಸಭೆ. ದಾನೇಶ್ವರಿ ಒಂದು ಜಾಕೆಟ್ ತಂದು ಚಾಪೆಯ ಮೇಲಿಟ್ಟಳು. ಎಲ್ಲರೂ ಮುಟ್ಟಿ ನೋಡಿದರು, ಯಾರೂ ತೊಡಲಿಲ್ಲ.

ಆಗ ಭಾಗವ್ವ ಎದ್ದಳು. “ಕೇಳ್ರವ್ವ. ನಾ ಹೊಳಿ ಹುಡುಗಿ ಅಂತ ಭಾಳ ಸೊಕ್ಕಿತ್ತು ನನಗ. ಹೊಳಿ ದಾಟಿದ್ದು ನನ್ನ ಶ್ಯಾಣೇತನದಿಂದ ಅಲ್ಲ, ಅವತ್ತ ಹರಗೋಲ ಮಗಚಲಿಲ್ಲ, ಅಷ್ಟ. ಉಡಿ ತುಂಬೂದಿದ್ರ ದಂಡಿ ಮ್ಯಾಲ ನಿಂತ ತುಂಬ್ರಿ. ಗಂಗವ್ವ ದಂಡಿಗೂ ಬರ್ತಾಳ. ದೋಣಿ ಹತ್ತಿದ ಮ್ಯಾಲ ನಡಾ ಬಿಗೀರಿ.” ಆಮೇಲೆ ಸೊಸೆಯ ಕಡೆ ತಿರುಗಿದಳು. “ದೀಪಾವಳಿಗೆ ಕೆಲಸಾ ಬಿಡು ಅಂದಿದ್ನೆಲ್ಲ? ಬಿಡಬ್ಯಾಡ. ನನ್ನಂಥ ಮುದುಕೇರು ಇನ್ನೂ ಭಾಳ ಮಂದಿ ಬರ್ತಾರ.”

ಹೆಂಗಸರು ನಕ್ಕರು. ನನ್ನಿಂದ ತಡೆಯಲಾಗಲಿಲ್ಲ. ಎದ್ದು ನಿಂತು, ಎಲ್ಲರ ಮುಂದೆ ಹೇಳಿಬಿಟ್ಟೆ. “ದಾನವ್ವಾ, ಅವತ್ತ ಬಕ್ಕಲ್ ಬಿಚ್ಚಿದಾಕಿ ನಾನು. ನಿಮ್ಮತ್ತಿ ನನ್ನ ಸಲುವಾಗಿ ಸುಳ್ಳು ಹೇಳ್ಯಾಳ.”

ದಾನೇಶ್ವರಿ ಜಾಕೆಟ್ ಎತ್ತಿಕೊಂಡು ನನ್ನ ಹತ್ತಿರ ಬಂದಳು.

“ಗೊತ್ತೈತಿ ಇಂದ್ರಕ್ಕ. ನಮ್ಮತ್ತಿ ಬೆರಳಿಗೆ ಆ ಬಕ್ಕಲ್ ಬಿಚ್ಚಾಕ ಬರಂಗಿಲ್ಲ. ದಂಡಿ ಮ್ಯಾಲ ಮೂರು ಸಲ ನೋಡಿದ್ರು, ಆಗಲಿಲ್ಲ. ನೀವಾಗೇ ಹೇಳ್ಲಿ ಅಂತ ಕಾಯ್ಕೊಂಡಿದ್ದೆ. ಕೈ ಮ್ಯಾಲ ಮಾಡ್ರಿ.”

ನನಗೆ ಜಾಕೆಟ್ ತೊಡಿಸಿದಳು. ಎದೆಯದ್ದು ಹಾಕಿದಳು. ನಡುವಿನ ಪಟ್ಟಿ ಎಳೆದು ಹಾಕಿದಳು. ಟಕ್. ಎಂಟು ದಿನದಿಂದ ಕಿವಿಯಲ್ಲಿ ಕೂತಿದ್ದ ಆ ಸದ್ದು ಅವತ್ತು ಮೊದಲ ಸಲ ಹಿತವಾಗಿ ಕೇಳಿತು. ನಾನು ಅತ್ತುಬಿಟ್ಟೆ.

ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ನಿಮಗೂ ಒಂದಿಲ್ಲೊಂದು ದಿನ ನೀರಿನ ಮೇಲೆ ಹೋಗುವ ಯೋಗ ಬರುತ್ತದೆ. ಹಾಯಿದೋಣಿಯಲ್ಲಿ ಸಂಜೆಯ ಸುತ್ತಾಟವಿರಲಿ, ಜಾತ್ರೆಗೆ ಸಮುದ್ರದ ಖಾಡಿ ದಾಟುವುದಿರಲಿ, ಊರಿನ ಹೊಳೆಯಲ್ಲಿ ಐದು ನಿಮಿಷದ ದಾರಿಯಿರಲಿ, ಜಾಕೆಟ್ ಕೇಳಿ ಪಡೆಯಿರಿ. ನಿಮ್ಮ ಅಳತೆಯದ್ದೇ ಬೇಕು ಅನ್ನಿ, ಮಕ್ಕಳಿಗೆ ಮಕ್ಕಳದ್ದೇ ಬೇಕು ಅನ್ನಿ. ಇಲ್ಲ ಅಂದರೆ ಹತ್ತಬೇಡಿ, ನಾಚಿಕೆಯೇನೂ ಇಲ್ಲ. ಸೀರೆಯಿಂದ ಕಸಿವಿಸಿ ಆದರೆ ಸೆರಗನ್ನು ಮೊದಲೇ ಸಿಕ್ಕಿಸಿಕೊಂಡು ಜಾಕೆಟ್ ಮೇಲೆ ತೊಡಿ. ಫೋಟೋಕ್ಕೆ ಚೆಂದ ಕಾಣಲಿಲ್ಲ ಅಂತಲೋ, ಸೆಖೆ ಅಂತಲೋ, ದೇವರ ಕೆಲಸ ಅಂತಲೋ ನಡು ನೀರಿನಲ್ಲಿ ಬಿಚ್ಚಬೇಡಿ. ಯಾರಾದರೂ ಬಿದ್ದರೆ ಹಾರಬೇಡಿ, ತೇಲುವುದನ್ನು ಎಸೆಯಿರಿ, ಬೆರಳು ತೋರಿಸಿ ನಿಲ್ಲಿ. ನೀವೇ ಬಿದ್ದರೆ ಎದೆ ಅವಚಿಕೊಳ್ಳಿ.

ಪಕ್ಕದಲ್ಲಿ ಕೂತವರು ನಿಮ್ಮ ಭಾಗವ್ವನೇ ಆಗಿರಲಿ, ಎಷ್ಟೇ ಬೇಡಿಕೊಳ್ಳಲಿ, ಅವರ ಬಕ್ಕಲ್ಲಿಗೆ ಕೈ ಹಾಕಿದರೆ ಹಾಕುವುದಕ್ಕೆ ಹಾಕಿ. ಬಿಚ್ಚುವುದಕ್ಕಲ್ಲ.