ಗಾಡಿಗೆ ಭಾರ

"ಮರಳಿನ ಮೂಟೆಗೆ ಕಾಲಿಲ್ಲ ಕಣಯ್ಯ, ಈ ಮುಂಡೇವಕ್ಕಿದೆ. ತಾವೇ ಹತ್ತುತ್ವೆ, ತಾವೇ ಇಳೀತ್ವೆ. ಮೂಟೆ ಯಾಕೆ?"

ಸಾಹುಕಾರ ಹೇಳಿದ್ದು ಮೆಕ್ಯಾನಿಕ್ಕಿಗೆ, ಬೆರಳು ತೋರಿಸಿದ್ದು ನಮ್ಮ ಕಡೆಗೆ. ನಾವು ಭಟ್ಟಿಯಿಂದ ಇನ್ನೂ ಸುಡುತ್ತಿದ್ದ ಇಟ್ಟಿಗೆ ಹೊತ್ತು ಸಾಲಾಗಿ ಬರುತ್ತಿದ್ದೆವು.

ಆ ಪಿಕಪ್ ಗಾಡಿಯ ಹಿಂದಿನ ಚಕ್ರಗಳ ಮೇಲೆ, ಇಟ್ಟಿಗೆ ಹೊರಲೆಂದು, ಕಬ್ಬಿಣದ ಸ್ಪ್ರಿಂಗ್ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ತುಂಬಿದ್ದರೆ ಹೊಸ ಸೊಸೆಯ ಹಾಗೆ ತಗ್ಗಿ ಬಗ್ಗಿ ನಡೆಯುತ್ತಿತ್ತು. ಖಾಲಿ ಇದ್ದರೆ ಹುಚ್ಚು ಕತ್ತೆ. ಒಂದು ಸಲ ಅದು ಗುಂಡಿಗೆ ಇಳಿದೆದ್ದ ಹೊಡೆತಕ್ಕೆ ನಮ್ಮ ಹಲ್ಲುಸೆಟ್ಟಿನ ಅಜ್ಜನ ಹಲ್ಲು ಹಾರಿ, ಹಿಂದೆ ಬರುತ್ತಿದ್ದ ಬೈಕಿನವನ ಜೇಬಿಗೆ ಬಿದ್ದಿತ್ತು. ಆ ಪುಣ್ಯಾತ್ಮ ಊರಾಚೆ ಹೋಗಿ ಜೇಬಿಗೆ ಕೈ ಹಾಕಿ, ಕಚ್ಚಿಸಿಕೊಂಡು, ಜಗಳಕ್ಕೆ ತಿರುಗಿ ಬಂದ.

ಸಾಹುಕಾರನಿಗೆ ಮೂಲವ್ಯಾಧಿಯ ಆಪರೇಷನ್ ಆಗಿತ್ತು. ಕಾರಿನ ಸೀಟು ತಗ್ಗು, ಬಗ್ಗಿ ಕೂರಲಾಗದು. ಗಾಡಿಯ ಸೀಟು ಎತ್ತರ, ಆದರೆ ಕುಣಿತ ತಡೆಯಲಾಗದು. "ಎರಡು ಪಟ್ಟಿ ತೆಗೆದ್ರೆ ಮೆತ್ತಗಾಗುತ್ತೆ ಸಾವ್ಕಾರ್ರೆ, ಆದ್ರೆ ಇಟ್ಟಿಗೆ ತುಂಬ್ದಾಗ ಗಾಡಿ ಕೂತ್ಬಿಡುತ್ತೆ. ಇಲ್ಲಾ ಹಿಂದೆ ಮೂಟೆ ಹಾಕ್ಕೊಳ್ಳಿ," ಎಂದಿದ್ದ ಮೆಕ್ಯಾನಿಕ್ಕು. ಆಗ ಸಾಹುಕಾರನ ಕಣ್ಣಿಗೆ ನಾವು ಬಿದ್ದೆವು.

ಅವತ್ತಿನಿಂದ ಅವನು ಆಸ್ಪತ್ರೆಗೆ ಹೋದರೂ ನಾವು, ಬೀಗರ ಮನೆಗೆ ಹೋದರೂ ನಾವು. ಅವನು ಒಳಗೆ ಉಂಡು ಬರುವ ತನಕ ಬಿಸಿಲಲ್ಲಿ ಗಾಡಿಯ ಮೇಲೆಯೇ ಕೂತಿರಬೇಕು. ಒಲ್ಲೆ ಎನ್ನುವ ಹಾಗಿರಲಿಲ್ಲ. ಭಟ್ಟಿಯ ಹಿಂದಿನ ತಗಡಿನ ಮನೆಗಳು ಅವನವು. ಎದುರು ಮಾತಾಡಿದವರ ಪಾತ್ರೆ ಪಡಗ ಬೀದಿಗೆ ಬೀಳುತ್ತಿದ್ದವು.

ಭಾರ ಬಿದ್ದರೆ ಮುಂದೆ ಕೂತವನಿಗೆ ಮೆತ್ತಗಾಗುತ್ತದೆ. ಭಾರವಾದವರಿಗೆ ಆಗುವುದಿಲ್ಲ. ನಾವು ಕೂರುತ್ತಿದ್ದದ್ದು ಸರಿಯಾಗಿ ಚಕ್ರದ ನೆತ್ತಿಯ ಮೇಲೆ, ಬರೀ ತಗಡಿನಲ್ಲಿ.

ಗಾಡಿ ಓಡಿಸುವವನು ನನ್ನ ಮಗ. ಅವನ ಹೆಂಡತಿ ಮಣ್ಣು ಕಲೆಸುವವಳು, ತುಂಬಿದ ಬಸುರಿ. ಅವಳನ್ನು ಬಿಟ್ಟುಬಿಡಿ ಎಂದು ಕೈ ಮುಗಿದೆ.

"ಅವಳು ಬರ್ಲೇಬೇಕು ಕಣಮ್ಮ. ಒಂದು ತಲೆ ಹತ್ತಿದ್ರೆ ಎರಡು ತೂಕ, ಲಾಭ ಅಲ್ವಾ," ಎಂದು ಸಾಹುಕಾರ ನಕ್ಕ.

ಇಲ್ಲಿಂದ ಮುಂದಿನದಕ್ಕೆ ನಾನು ಉಪ್ಪು ಖಾರ ಹಚ್ಚಿಲ್ಲ. ಸಾಹುಕಾರನ ಗಾಯದ ಡ್ರೆಸಿಂಗಿಗೆಂದು ಆಸ್ಪತ್ರೆಗೆ ಹೊರಟಿದ್ದೆವು, ಅರ್ಧ ದಾರಿಗೆ ಸೊಸೆ ಹೊಟ್ಟೆ ಹಿಡಿದುಕೊಂಡಳು. ಕ್ಯಾಬಿನ್ನಿನ ಹಿಂದಿನ ಗಾಜು ಬಡಿದಳು. ಮಗ ಬ್ರೇಕಿಗೆ ಕಾಲಿಟ್ಟ.

"ಓಡ್ಸೋ ಬೋಳಿಮಗನೆ, ಡಾಕ್ಟ್ರು ಹೊರಟುಹೋಗ್ತಾರೆ."

ಆ ಬೋಳಿ ನಾನು, ಹಿಂದೆಯೇ ಕೂತಿದ್ದೆ, ಕೇಳಿಸಿತು.

"ಅವಳಿಗೆ ನೋವಂತೆ ಸಾವ್ಕಾರ್ರೆ. ಗಾಜು ಬಡೀತಿದಾಳೆ."

"ಇಟ್ಟಿಗೆ ಯಾವತ್ತಾದ್ರೂ ಗಾಜು ಬಡಿದಿತ್ತೇನೋ? ಓಡ್ಸು."

ಮಗ ಓಡಿಸಿದ. ಆಸ್ಪತ್ರೆಯ ಅಂಗಳದಲ್ಲಿ ಸೊಸೆಯನ್ನು ಎತ್ತಿ ಇಳಿಸುವಾಗ ನನ್ನ ಮೊಣಕೈ ತನಕ ರಕ್ತ. ಗಂಡು ಮಗು. ಅಳಲೇ ಇಲ್ಲ. ಸಾಹುಕಾರ ಡ್ರೆಸಿಂಗ್ ಮುಗಿಸಿ ಬಂದು ಗಾಡಿಯ ಹಿಂಭಾಗ ನೋಡಿದ. "ತೊಳೀರೋ ಇದನ್ನ," ಎಂದ. ಆಮೇಲೆ, "ಅವಳು ಇಲ್ಲೇ ಮಲಗಿದ್ರೆ ವಾಪಸ್ಸಿಗೆ ಹಗುರಾಗುತ್ತಲ್ಲ, ದಾರೀಲಿ ಯಾರ್ನಾದ್ರೂ ಹತ್ತಿಸ್ಕೊ."

ಮುಂದಿನ ಡ್ರೆಸಿಂಗಿನ ದಿನ ಅವನು ಕರೆಯುವ ಮೊದಲೇ ನಾವು ಹತ್ತಿ ಕೂತಿದ್ದೆವು. ಸಾಹುಕಾರ ಖುಷಿಯಾದ. ಸೊಸೆಗೆ ಮಲಗಿರೇ ಎಂದಿದ್ದೆ. "ಬರ್ತೀನಿ ಅತ್ತೆ," ಎಂದು ನನಗಿಂತ ಮುಂಚೆ ಹತ್ತಿದಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ಆಡಿದ್ದು ಅದೊಂದೇ ಮಾತು.

ಮೋರಿಯ ಹತ್ತಿರ ಮಗ ಗಾಡಿ ನಿಲ್ಲಿಸಿದ. ಇಂಜಿನ್ ಕಾದಿದೆ, ನೀರು ಹಾಕಬೇಕು ಎಂದ. ಅವನು ಬಾನೆಟ್ಟು ಎತ್ತಿದ್ದೇ ತಡ, ನಾವು ಹಾಲು ಕುಡಿದ ಬೆಕ್ಕಿನ ಹಾಗೆ ಒಬ್ಬೊಬ್ಬರಾಗಿ ಜಾರಿ ಇಳಿದೆವು. ಮಗ ಬಾನೆಟ್ಟು ಮುಚ್ಚಿ, ಗಾಡಿಯನ್ನು ಡಾಂಬರು ದಾರಿ ಬಿಡಿಸಿ ಕಲ್ಲುಕ್ವಾರಿಯ ದಾರಿಗೆ ಹತ್ತಿಸಿದ. ಗುಡ್ಡ ಸುತ್ತಿ ಮತ್ತೆ ಇದೇ ಮೋರಿಗೆ ಬರುವ ದಾರಿ ಅದು. ದಾರಿ ಎನ್ನುವುದು ಮರ್ಯಾದೆಯ ಮಾತು, ಅಲ್ಲಿರುವುದು ಬರೀ ಗುಂಡಿ.

ಒಳಗೆ ನಡೆದದ್ದನ್ನು ಮಗ ಆಮೇಲೆ ಹೇಳಿದ.

"ಇದ್ಯಾವ ದಾರೀನೋ?"

"ಹತ್ರದ್ದು ಸಾವ್ಕಾರ್ರೆ."

"ಎತ್ತಿ ಎತ್ತಿ ಹಾಕ್ತಿದೆ ಕಣೋ. ಹಿಂದೆ ಇದಾವೇನೋ ಅವು?"

"ಅವ್ರೆಲ್ಲಿ ಹೋಗ್ತಾರೆ. ಇವತ್ತು ಯಾರೂ ಉಂಡಿಲ್ಲ, ಸ್ವಲ್ಪ ಹಗುರ ಇದಾರೆ."

"ನಿಲ್ಸೋ. ಹೊಲಿಗೆ ಬಿಚ್ಕೊಂತು. ಅಯ್ಯೋ, ನಿಲ್ಸೋ."

"ಗಾಜು ಬಡೀಬೇಡಿ, ಒಡೆಯುತ್ತೆ."

ಮೋರಿಯ ಕಟ್ಟೆಯ ಮೇಲೆ ಕೂತು ನಾವು ನೋಡಿದೆವು. ಗಾಡಿ ನೆಲದಲ್ಲಿದ್ದದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಹೆಚ್ಚು. ನಡುವೆ ಒಂದು ಮೊಲ ಅದರ ಅಡಿಯಲ್ಲಿ ದಾಟಿ ಹೋಯಿತು, ತಲೆ ಸಹ ತಗ್ಗಿಸಲಿಲ್ಲ. ಕ್ಯಾಬಿನ್ನಿನ ತಗಡಿನಲ್ಲಿ ಸಾಹುಕಾರನ ಬುರುಡೆಯ ಅಳತೆಗೆ ಗುಬುಟು ಎದ್ದಿದೆ, ನಂಬದಿದ್ದರೆ ಹೋಗಿ ಸವರಿ ನೋಡಿ. ಹಲ್ಲುಸೆಟ್ಟಿನ ಅಜ್ಜ ಹಲ್ಲು ಬಿಚ್ಚಿ ಕೈಯಲ್ಲಿಟ್ಟುಕೊಂಡು ನಕ್ಕ. ಸೊಸೆ ನಗಲಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮಗ ಮೋರಿಗೆ ಬಂದು ಇಂಜಿನ್ ಆರಿಸಿದ. ಬೀಗದಕೈ ಜೇಬಿಗೆ ಹಾಕಿಕೊಂಡು ಹೆಂಡತಿಯ ಪಕ್ಕ ಬಂದು ಕೂತ. ಸಾಹುಕಾರ ಬಾಗಿಲು ಹಿಡಿದು ಇಳಿದ. ಹಿಂದೆ ಬಟ್ಟೆ ಕೆಂಪಾಗಿತ್ತು. ಖಾಲಿ ಗಾಡಿ ನೋಡಿದ, ನಮ್ಮನ್ನು ನೋಡಿದ.

"ಹತ್ರೋ ಸೂಳೇಮಕ್ಳಾ. ನಾಳೆ ಒಬ್ರಿಗೂ ಮನೆ ಇರಲ್ಲ."

"ನಾಳೇದು ನಾಳೆ ನೋಡ್ಕೊಳ್ಳೋಣ," ಎಂದ ಅಜ್ಜ. "ಇವತ್ತು ಹೆಂಗೆ ಹೋಗ್ತೀರಾ?"

ಯಾರೂ ಏಳಲಿಲ್ಲ. ಸಾಹುಕಾರ ಬೈದ, ಆಮೇಲೆ ಅಪ್ಪಾ ಅಂದ, ಕೊನೆಗೆ ನನಗೆ ತಾಯಿ ಅಂದ. "ಆಸ್ಪತ್ರೆ ತನಕ ಹತ್ತಿ ತಾಯಿ. ಖಾಲಿ ಗಾಡೀಲಿ ಸತ್ತೇಹೋಗ್ತೀನಿ."

"ಕಲ್ಲು ಬಿದ್ದಿವೆಯಲ್ಲ, ಹೇರ್ಕೊಳ್ಳಿ," ಎಂದೆ. "ಚಕ್ರದ ನೆತ್ತಿಗೆ ಬರ್ಬೇಕು."

ಸಾಹುಕಾರ ಬಗ್ಗಲಾರದೆ ಬಗ್ಗಿ, ಒಂದು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯೊಳಗೆ ಉರುಳಿಸಿದ. ಸೊಸೆ ಎದ್ದಳು. ಗಾಡಿಯನ್ನು ಬಳಸಿ ಆಚೆ ಬದಿಗೆ ಹೋಗಿ, ಆ ಕಲ್ಲನ್ನು ಎತ್ತಿ ಕೆಳಗೆ ಹಾಕಿದಳು.

ಸಾಹುಕಾರ ಅವಳ ಮುಖ ನೋಡಿದ. ಇನ್ನೊಂದು ಕಲ್ಲಿಗೆ ಬಗ್ಗಿದ. ಆಚೆ ಬದಿಯಲ್ಲಿ ಅವಳು ಎರಡೂ ಕೈ ಚಾಚಿಕೊಂಡು ಕಾಯುತ್ತ ನಿಂತಳು.