ಪಂಖದ ಹಗ್ಗ

“ಕೈ ಸೇದೋಯ್ತೇನೇ ಮುಂಡೆ? ಗಾಳಿ ಎಲ್ಲೇ? ಲಾಗೇ, ಜೋರಾಗಿ ಎಳಿಯೇ!”

ಗೋಡೆಯ ಆಚೆಯಿಂದ ವೆಂಕಟರಾಯಪ್ಪನವರ ದನಿ ಬಂತು. ಅಮ್ಮಾಜಮ್ಮ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು ಎಳೆದಳು. ಗೋಡೆಗೆ ಕೊರೆದ ತೂತಿನಲ್ಲಿ ಹಗ್ಗ ಕಿರ್ರೆಂದು ಜಾರಿ, ಒಳಗೆಲ್ಲೋ ಬಟ್ಟೆ ಬಡಿದ ಸದ್ದಾಯಿತು. ಆ ಗಾಳಿ ಯಾರ ಮುಖಕ್ಕೆ ಬೀಸುತ್ತಿತ್ತೋ ಅವಳು ಕಂಡವಳಲ್ಲ. ಅವಳ ಜಾತಿಯವರು ಆ ಮನೆಯ ಹೊಸಿಲು ದಾಟುವಂತಿರಲಿಲ್ಲ. ಹಿತ್ತಿಲಲ್ಲಿ, ಸಗಣಿ ಗುಂಡಿಯ ಪಕ್ಕ, ಗೋಡೆಗೆ ಮುಖ ಮಾಡಿ ನಿಂತು ಎಳೆಯಬೇಕು, ಬಿಡಬೇಕು, ಮತ್ತೆ ಎಳೆಯಬೇಕು.

ಅರವತ್ತಾರರ ಬೇಸಿಗೆ. ಮಳೆ ಕೈಕೊಟ್ಟು ಅಣೆಕಟ್ಟುಗಳು ಬರಿದಾಗಿದ್ದವು. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದ್ದಾಗಲೂ ಬಳಕೆಯನ್ನು ಅರ್ಧಕ್ಕರ್ಧ ಇಳಿಸದಿದ್ದರೆ ಫ್ಯೂಸು ಕಿತ್ತುಕೊಂಡು ಹೋಗುತ್ತೇವೆಂದು ಕರೆಂಟಿನ ಆಫೀಸಿನವರು ಹೇಳಿಹೋಗಿದ್ದರು. ಮಂಡಿಕಲ್ ಹತ್ತಿರದ ಆ ಊರಲ್ಲಿ ಕರೆಂಟು ಇದ್ದದ್ದೇ ನಾಲ್ಕು ಮನೆಗೆ. ವೆಂಕಟರಾಯಪ್ಪನವರು ಯೋಚನೆ ಮಾಡಿ, ಅಪ್ಪನ ಕಾಲದ, ಹಗ್ಗ ಎಳೆದರೆ ಬೀಸುವ ಬಟ್ಟೆಯ ಪಂಖವನ್ನು ಅಟ್ಟದಿಂದ ಇಳಿಸಿ ನಡುಮನೆಯ ತೊಲೆಗೆ ಕಟ್ಟಿಸಿದರು. ಎಳೆಯಲು ಅಮ್ಮಾಜಮ್ಮ ಇದ್ದಳು. ಗಂಡ ಸತ್ತವಳು, ಒಬ್ಬಳೇ, ಅವರದೇ ಜಾಗದಲ್ಲಿ ಗುಡಿಸಲು ಹಾಕಿಕೊಂಡವಳು. ಕರೆದರೆ ಬರದೆ ಎಲ್ಲಿಗೆ ಹೋದಾಳು?

ದಿನವೆಲ್ಲ ಗೋಡೆ ನೋಡಿ ನೋಡಿ ಅವಳಿಗೆ ಮಾತೇ ಮರೆತಂತಾಗಿತ್ತು. ಸಂಜೆ ಗುಡಿಸಲಿಗೆ ಹೋದರೆ ಅಲ್ಲೂ ಯಾರಿಲ್ಲ. ಮುದ್ದೆ ತಿರುವುತ್ತ ತಾನೇ ಒಂದು ಕೇಳಿ, ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು.

ಇವತ್ತು ಮಗಳು ಬರುವವಳಿದ್ದಳು. ಆದಿಲಕ್ಷ್ಮಮ್ಮನನ್ನು ಅಂಬಾಜಿದುರ್ಗದ ಕಡೆಗೆ ಕೊಟ್ಟು ಎರಡು ವರ್ಷವಾಗಿತ್ತು, ಒಮ್ಮೆಯೂ ಕಳಿಸಿರಲಿಲ್ಲ. ಈಗ ಬೆಳಗಿನ ಬಸ್ಸಿಗೆ ಹೋಗಿ ಮೂರು ಗಂಟೆಯ ಬಸ್ಸಿಗೆ ವಾಪಸು ಹೊರಡಬೇಕೆಂದು ಹೇಳಿ ಅತ್ತೆ ಒಪ್ಪಿದ್ದಳು. ಬೆಳಗ್ಗೆಯೇ ಅಮ್ಮಾಜಮ್ಮ ಕೈಮುಗಿದು ಕೇಳಿದ್ದಳು.

“ಇವತ್ತೊಂದಿನ ಬಿಟ್ಬುಡಿ ಸಾಮಿ. ಮಗ್ಳು ಬರ್ತವ್ಳೆ.”

“ಇವತ್ತೇ ಬೇಕೇನೇ ನಿಂಗೆ? ಕರೆಂಟಿನ ಇಂಜಿನೀರು ಊಟಕ್ಕೆ ಬರ್ತಾರೆ. ಅವರು ಉಂಡು ಏಳ್ಲಿ, ಆಮೇಲೆ ಎಲ್ಲಾದ್ರೂ ಸಾಯೋಗು.”

ಇಂಜಿನಿಯರು ಬಂದಾಗ ಎರಡು ದಾಟಿತ್ತು. ಎಲೆ ಹಾಕಿದರು. ಒಬ್ಬಟ್ಟಿನ ವಾಸನೆ ಹಗ್ಗದ ತೂತಿನಿಂದ ಹೊರಗೆ ಬಂತು. ಅಷ್ಟರಲ್ಲಿ ಒಳಗೆ ರೇಡಿಯೋ ಹಾಡತೊಡಗಿತು. ಕರೆಂಟು ಬಂದಿತ್ತು. ಅಮ್ಮಾಜಮ್ಮ ತೂತಿಗೆ ಬಾಯಿಟ್ಟಳು.

“ಸಾಮಿ, ಕರೆಂಟು ಬಂತಲ್ಲ. ನಾನು ಓಗ್ಲಾ?”

“ಬಂದ್ರೆ ನಿಂಗೇನೇ ಲೌಡಿ? ಅದು ರೇಡಿಯೋಗೆ ಬಂದಿರೋದು. ಫ್ಯಾನು ಹಾಕಲ್ಲ. ಎಳಿ!”

ಒಳಗೆ ಇಂಜಿನಿಯರು ನಕ್ಕ. “ಭಲೇ ವೆಂಕಟರಾಯಪ್ಪನೋರೇ! ನಿಮ್ಮ ಮೀಟರು ಅರ್ಧಕ್ಕಿಂತ ಕೆಳಗೆ ಬಂದಿದೆ. ಮೇಲಿನವರಿಗೆ ನಿಮ್ಮ ಹೆಸರು ಬರೀತೀನಿ. ಅಂದ ಹಾಗೆ, ಈ ಪಂಖಕ್ಕೆ ಮೋಟ್ರು ಎಲ್ಲಿಟ್ಟಿದ್ದೀರಿ?”

“ಹಿತ್ತಲಲ್ಲೈತೆ ಸಾರ್. ಕರೆಂಟು ಕೇಳಲ್ಲ. ಬೆಳಗ್ಗೆ ಒಂದು ಮುದ್ದೆ ಹಾಕಿದ್ರೆ ಸಂಜೆಗಂಟ ಓಡ್ತದೆ.”

ಇಬ್ಬರೂ ನಕ್ಕರು. ಬಡಿಸುತ್ತಿದ್ದ ಹೆಂಗಸರೂ ನಕ್ಕರು.

ಅಮ್ಮಾಜಮ್ಮನ ಕೈ ನಿಂತಿತು. ಅಂಗೈಗೆ ಸುತ್ತಿದ್ದ ಹಗ್ಗ ಬಿಚ್ಚಿದಳು. ಬೊಕ್ಕೆಯ ತೊಗಲೂ ಅದರ ಜೊತೆಗೆ ಎದ್ದುಬಂತು. ಒಳಗಿನಿಂದ ಬೈಗುಳ ಶುರುವಾಯಿತು. ಅವಳು ಮನೆಯನ್ನು ಸುತ್ತಿಕೊಂಡು ಮುಂಬಾಗಿಲಿಗೆ ಬಂದಳು, ಜಗಲಿ ಹತ್ತಿದಳು, ಹೊಸಿಲ ಮೇಲೆ ಕಾಲಿಟ್ಟು ನಿಂತಳು. ಕೆಂಪಂಚಿನ ಬಿಳಿ ಬಟ್ಟೆ ತೊಲೆಯಿಂದ ಜೋತುಬಿದ್ದಿತ್ತು. ಅದರ ಪಕ್ಕದಲ್ಲೇ ಕರೆಂಟಿನ ಫ್ಯಾನು ಅಲ್ಲಾಡದೆ ನಿಂತಿತ್ತು. ಇಂಜಿನಿಯರು ಬಾಯಿಗೆ ಎತ್ತಿದ ಕೈಯನ್ನು ಹಾಗೇ ಹಿಡಿದು ನೋಡಿದ.

“ಮೋಟ್ರು ಕೆಟ್ಟೋಯ್ತು ಸಾಮಿ,” ಅಂದಳು. “ರಿಪೇರಿ ಆಗಾಕಿಲ್ಲ.”

ಮೈಲಿಗೆಯಾದ ಎಲೆಗಳ ಮುಂದೆ ಅವರು ಕೂಗಾಡುತ್ತಿರುವಾಗಲೇ ಇಳಿದು ಓಡಿದಳು. ಕೇರಿ ಮುಟ್ಟುವಾಗ ರಸ್ತೆಯಲ್ಲಿ ಬಸ್ಸಿನ ಧೂಳು ಇನ್ನೂ ಅಡಗಿರಲಿಲ್ಲ. ಪಕ್ಕದ ಗುಡಿಸಲಿನ ಮುನಿಗಂಗಮ್ಮ ಎದುರಿಗೆ ಬಂದಳು.

“ಈಗ್ತಾನೆ ಓದ್ಳು ಕಣಮ್ಮಾ. ಬೆಳಗ್ಗಿಂದ ಬಾಗಿಲಾಗೇ ಕುಂತಿದ್ಳು. ನಿನ್ನ ನೋಡಾನಾಂತ ದೊಡ್ಡೋರ ಮನೇತಾವ್ಕೆ ಓಗಿದ್ಳಂತೆ, ಅವರ ಆಳು ಚಲಪತಿ ಬೀದಿಯಿಂದ್ಲೇ ಅಟ್ಟುದ್ನಂತೆ. ಬಸ್ರಿ ಕಣೇ. ಐದು ತಿಂಗ್ಳು. ಅದ್ನ ನಿನ್ಗೇ ಯೋಳ್ಬೇಕಂತ ಬಂದಿದ್ಳು.”

ಅಮ್ಮಾಜಮ್ಮ ಗುಡಿಸಲಿನ ಬಾಗಿಲಿಗೆ ಬಂದಳು. ಮಗಳು ಕೂತಿದ್ದ ಜಾಗದಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ಚಲಪತಿ ಬಂದ. ಕೇರಿಯೊಳಗೆ ಕಾಲಿಡದೆ ದೂರದಿಂದಲೇ ಕೂಗಿದ.

“ಏಯ್ ಅಮ್ಮಾಜಿ! ಈಗ್ಲೇ ಬಂದು ಅಯ್ಯೋರ ಮುಂದೆ ಅಡ್ಡಬಿದ್ದು ಹಗ್ಗ ಹಿಡ್ಕಬೇಕಂತೆ. ಇಲ್ಲಾಂದ್ರೆ ಜಾಗ ಖಾಲಿ ಮಾಡ್ಬೇಕಂತೆ!”

ಅವಳು ಎದ್ದು ಒಳಗೆ ಹೋದಳು. ಮಡಕೆ, ಕಂಬಳಿ, ಕುಡುಗೋಲು ಹೊರಗಿಟ್ಟಳು. ಒರಳುಕಲ್ಲಿನ ಮೇಲೆ ಕಾಲಿಟ್ಟು ಗೋಡೆ ಹತ್ತಿ ಸೂರಿಗೆ ಕೈಹಾಕಿದಳು.

“ಜಾಗ ಅವರ್ದು,” ಅಂದಳು. “ಗರಿ ನಂದು. ಒಂದೊಂದೂ ತಲೆ ಮ್ಯಾಲೆ ಒತ್ಕಂಡು ಬಂದು ಒದಿಸ್ದೋಳು ನಾನು.”

ಮೊದಲ ತೆಂಗಿನ ಗರಿಯನ್ನು ಕಿತ್ತು ಕೆಳಗೆಸೆದಳು. ಅದು ಚಲಪತಿಯ ಕಾಲ ಬಳಿ ಬಿತ್ತು.

“ಹುಚ್ಚು ಹಿಡೀತೇನೇ? ರಾತ್ರಿ ಎಲ್ಲಿ ಮಲಗ್ತೀಯೇ?”

ಎರಡನೆಯದು ಬಿತ್ತು. ಮೂರನೆಯದು. ಕೇರಿಯ ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು. ಯಾರೂ ಬೇಡವೆನ್ನಲಿಲ್ಲ, ಯಾರೂ ಕೈಜೋಡಿಸಲಿಲ್ಲ. ಮುನಿಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಮ್ಮಾಜಮ್ಮ ಕೀಳುತ್ತಲೇ ಇದ್ದಳು. ಕೆಳಗೆ, ಕತ್ತಲೆಯನ್ನೇ ಕಂಡಿದ್ದ ಒಲೆಯ ಮೇಲೆ, ಪಕ್ಕದಲ್ಲಿ ಮಗಳು ಅರ್ಧ ಉಂಡು ಅರ್ಧ ಅಮ್ಮನಿಗೆಂದು ಮುಚ್ಚಿಟ್ಟುಹೋಗಿದ್ದ ತಟ್ಟೆಯ ಮೇಲೆ ಬಿಸಿಲು ಬಿತ್ತು.