ಹಂದರದ ಮನೆಯ ಹಳೇ ಪಿಕಪ್

ನಾನು ಒಂದು ಪಿಕಪ್ ಗಾಡಿ. ದೂರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತಿ, ಬೆಸೆದು, ಬಿಳಿ ಬಣ್ಣ ಬಳಿದು ನನ್ನನ್ನು ಹೊರಗೆ ಬಿಟ್ಟರು. ನನ್ನ ಪೀಳಿಗೆಯ ಗಾಡಿಗಳಿಗೆ ನಾಜೂಕು ಗೊತ್ತಿರಲಿಲ್ಲ. ಸ್ಟೇರಿಂಗ್ ತಿರುಗಿಸಲು ಭುಜದ ಬಲ ಬೇಕಿತ್ತು, ಕ್ಲಚ್ ಒತ್ತಲು ತೊಡೆಯ ಬಲ ಬೇಕಿತ್ತು. ಎಂಜಿನ್ನಿನ ಸದ್ದು ಎರಡು ಓಣಿ ಆಚೆಗೂ ಕೇಳುತ್ತಿತ್ತು. ಆಗ ಅದನ್ನು ಯಾರೂ ದೋಷ ಎನ್ನುತ್ತಿರಲಿಲ್ಲ. ಗಾಡಿ ಎಂದರೆ ಹಾಗೇ ಇರಬೇಕು ಎಂದು ಎಲ್ಲರೂ ತಿಳಿದಿದ್ದರು.

ನನ್ನನ್ನು ಕೊಂಡವನು ಗದುಗಿನ ಈರಸಂಗಪ್ಪ ಹೊಂಬಳ. ಮದುವೆ, ಸೀಮಂತ, ತಿಥಿ, ಯಾವುದಕ್ಕಾದರೂ ಹಂದರ ಹಾಕಿಕೊಡುವುದು, ಅಡುಗೆಯ ದೊಡ್ಡ ಭಾಂಡೆಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಉದ್ದನೆಯ ಮನುಷ್ಯ, ಅಗಲವಾದ ಕೈ. ಮೊದಲ ದಿನ ನನ್ನ ಸ್ಟೇರಿಂಗ್ ಹಿಡಿದಾಗ ಅದು ಅವನ ಕೈಗೆಂದೇ ಮಾಡಿದ ಹಾಗಿತ್ತು. ಅವನ ಹೆಂಡತಿ ಕಸ್ತೂರೆವ್ವ ಕುಳ್ಳಗಿದ್ದಳು. ಕ್ಯಾಬಿನ್ ಹತ್ತಲು ಅವಳು ಮೊದಲು ಸೀರೆಯ ನಿರಿಗೆ ಎತ್ತಿ ಹಿಡಿದು, ಬಾಗಿಲ ಹಿಡಿಕೆಗೆ ಜೋತು, ಒಂದು ಸಲ ಉಸಿರು ತೆಗೆದುಕೊಳ್ಳಬೇಕಿತ್ತು. ಹತ್ತಿದ ಮೇಲೆ ಎಡಗಡೆಯ ಕಿಟಕಿಗೆ ಮೊಣಕೈ ಕೊಟ್ಟು ಕೂತರೆ ಊರು ಬರುವ ತನಕ ಏಳುತ್ತಿರಲಿಲ್ಲ.

ನನ್ನ ಬೆನ್ನ ಮೇಲೆ ಏನೆಲ್ಲ ಹೋಯಿತು! ಬಿದಿರಿನ ಗಳು, ತಗಡು, ಬಣ್ಣದ ಪರದೆ, ಒಂದರೊಳಗೊಂದು ಸೇರಿಸಿದ ಕುರ್ಚಿ, ಇಬ್ಬರು ಕೂತು ಸ್ನಾನ ಮಾಡಬಹುದಾದಂಥ ಕೊಪ್ಪರಿಗೆ. ಮುಂಡರಗಿ, ರೋಣ, ಶಿರಹಟ್ಟಿ, ಲಕ್ಷ್ಮೇಶ್ವರ, ಸುತ್ತಲಿನ ಊರುಗಳ ಯಾವ ಓಣಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ, ಯಾವುದರಲ್ಲಿ ನುಸುಳುತ್ತೇನೆ ಎಂಬುದು ಅವರಿಬ್ಬರಿಗೂ ಬಾಯಿಪಾಠ. ಮದುವೆಗೆ ಕೊಂಡೊಯ್ದ ತಗಡನ್ನೇ ಮರುದಿನ ಸಾವಿನ ಮನೆಗೂ ಒಯ್ಯುತ್ತಿದ್ದೆ. ತಗಡಿಗೆ ವ್ಯತ್ಯಾಸ ಗೊತ್ತಿರಲಿಲ್ಲ. ನನಗೂ ಇರಲಿಲ್ಲ. ಕಸ್ತೂರೆವ್ವನಿಗೆ ಮಾತ್ರ ಗೊತ್ತಿತ್ತು. ಸಾವಿನ ಮನೆಗೆ ಹೋಗುವಾಗ ಅವಳು ಬಳೆಗಳನ್ನು ಮೇಲಕ್ಕೆ ಸರಿಸಿ ಸದ್ದಾಗದಂತೆ ಬಿಗಿಮಾಡಿಕೊಳ್ಳುತ್ತಿದ್ದಳು.

ಮೊದಮೊದಲು ದಾರಿಯಲ್ಲಿ ಅವರ ಮಾತು ಬೇರೆಯಾಗಿತ್ತು. ಯಾರ ಮದುವೆಯ ಊಟದಲ್ಲಿ ಮಾದಲಿ ಚೆನ್ನಾಗಿತ್ತು, ಯಾರು ಸವುಟು ಮುರಿದು ಕೊಟ್ಟರು, ಮಗಳು ವಿಜಯಾಗೆ ಯಾವ ಕಡೆಯ ವರ ನೋಡಬೇಕು, ಇಂಥವು. ವಿಜಯಾ ಮದುವೆಯಾಗಿ ಬಾಗಲಕೋಟೆಗೆ ಹೋದಳು. ಅವಳ ಹಂದರದ ಗಳುಗಳನ್ನು ಹೊತ್ತವನೂ ನಾನೇ. ಆಮೇಲೆ ಒಂದೆರಡು ವರ್ಷಕ್ಕೆ ಕ್ಯಾಬಿನ್ನಿನ ಮಾತು ಬದಲಾಯಿತು.

"ಎಡಕ ಸೈಕಲ್ ಐತಿ ನೋಡ್ರಿ."

"ಹೂಂ."

"ಮುಂದ ಹಂಪ್ ಬಂತು."

"ಹೂಂ, ಕಂಡೈತಿ."

ಕಂಡಿರಲಿಲ್ಲ. ಬ್ರೇಕ್ ಮೇಲೆ ಅವನ ಕಾಲು ಬೀಳುತ್ತಿದ್ದುದು ಹಂಪ್ ಕಂಡಾಗಲ್ಲ, ಅವಳು ಹೇಳಿದಾಗ. ಅದು ನನಗೆ ತಿಳಿಯಿತು, ಅವಳಿಗೂ ತಿಳಿಯಿತು. ಮೊದಲು ಎಡಗಡೆಯದನ್ನು ಮಾತ್ರ ಹೇಳುತ್ತಿದ್ದವಳು ಮುಂದೆ ಬಲಗಡೆಯದನ್ನೂ ಹೇಳತೊಡಗಿದಳು. ಅವಳು ಸಾಮಾನು ಎಣಿಸಲು ಬರುತ್ತಾಳೆಂದು ಹಂದರ ಕಟ್ಟುವ ಆಳುಗಳು ತಿಳಿದಿದ್ದರು. ನಿಜವಾಗಿ ಅವಳು ಗಂಡನ ಕಣ್ಣಾಗಿ ಬರುತ್ತಿದ್ದಳು. ಆ ಮಾತನ್ನು ಅವನು ಆಡಲಿಲ್ಲ, ಅವಳೂ ಆಡಲಿಲ್ಲ. ಆಡಿದರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ಕಸುಬು ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಮುಂಡರಗಿಯಿಂದ ಮದುವೆ ಮುಗಿಸಿ ಬರುತ್ತಿದ್ದೆವು. ಡಂಬಳ ದಾಟಿದ ಮೇಲೆ ಹಿಂದೆ ಹಗ್ಗ ಸಡಿಲಾಗಿ ಕೊಪ್ಪರಿಗೆ ಕುಣಿಯತೊಡಗಿತು. ಕಸ್ತೂರೆವ್ವ ಹಿಂದಕ್ಕೆ ತಿರುಗಿ ಬೆನ್ನ ಕಡೆಯ ಪುಟ್ಟ ಕಿಟಕಿಯಲ್ಲಿ ಇಣುಕಿದಳು. ಅಷ್ಟರಲ್ಲಿ ಬಲಗಡೆಯ ಹೊಲದಿಂದ ಕುರಿಗಳು ರಸ್ತೆಗೆ ಇಳಿದವು. ಅವುಗಳ ಹಿಂದೆ ಕಂಬಳಿ ಹೊದ್ದ ಮುದುಕ. ಈರಸಂಗಪ್ಪ ನೇರ ಮುಂದೆ ನೋಡುತ್ತಿದ್ದ. ಅವನಿಗೆ ನೇರ ಮುಂದಿನದು ಮಾತ್ರ ಕಾಣುತ್ತಿತ್ತು. ಮುದುಕನ ಕೂಗು ಕಿವಿಗೆ ಬಿದ್ದಾಗ ಸ್ಟೇರಿಂಗನ್ನು ಎಡಕ್ಕೆ ಎಳೆದ. ಒಂದು ಕುರಿಗೆ ನನ್ನ ಬಂಪರ್ ಬಡಿಯಿತು. ನಾನು ರಸ್ತೆಬದಿಯ ಕಾಲುವೆಗೆ ಇಳಿದು ಓರೆಯಾಗಿ ನಿಂತೆ.

ಕಸ್ತೂರೆವ್ವನ ಬಲಗೈ ಮಣಿಕಟ್ಟು ಡ್ಯಾಶ್‌ಬೋರ್ಡಿಗೆ ಬಡಿದು ಮುರಿದಿತ್ತು. ಮುದುಕ ಕೋಲು ಹಿಡಿದು ಕಿಟಕಿಗೆ ಬಂದ.

"ಏ ತಮ್ಮಾ, ಕಣ್ಣ ಕಾಣಂಗಿಲ್ಲೇನ ನಿನಗ?"

ಅದು ಬೈಗುಳ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಈರಸಂಗಪ್ಪ ಕೊಟ್ಟ.

"ಇಲ್ಲಪ ಯಜ್ಜಾ, ಕಾಣಂಗಿಲ್ಲ" ಎಂದ.

ಮುದುಕ ಕೋಲು ಕೆಳಗಿಳಿಸಿದ. ಕಸ್ತೂರೆವ್ವ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಮುಖ ನೋಡಿದಳು. ನೋವಿಗೋ, ಮಾತಿಗೋ, ಅವಳ ಕಣ್ಣಲ್ಲಿ ನೀರು ಬಂತು.

ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಇದ್ದುದನ್ನು ಉಳಿಸಿಕೊಳ್ಳಬಹುದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರಂತೆ. ಗಾಡಿ ಮುಟ್ಟಕೂಡದು ಎಂದೂ ಹೇಳಿದರಂತೆ. ನಾನು ಅಂಗಳದಲ್ಲಿ ನಿಂತೆ. ಬಾಡಿಗೆ ಡ್ರೈವರ್ ಒಬ್ಬ ಬಂದ. ಒಳ್ಳೆಯವನೇ. ಆದರೆ ರೋಣದ ಮದುವೆಯ ದಿನ ಬೆಳಿಗ್ಗೆ ಬರಲೇ ಇಲ್ಲ. ಮದುಮಗಳ ತಂದೆ ಫೋನಿನಲ್ಲಿ ಅತ್ತದ್ದು ಅಂಗಳಕ್ಕೂ ಕೇಳಿಸಿತು. ಆ ಹಂದರ ಬೇರೆಯವರ ಪಾಲಾಯಿತು. ಆ ಸಂಜೆ ಕಸ್ತೂರೆವ್ವ ಗಂಡನ ಮುಂದೆ ಚಹಾ ಇಟ್ಟು ಹೇಳಿದಳು.

"ನಾನ ಕಲೀತೀನಿ."

"ಏನ?"

"ಗಾಡಿ."

ಅವನು ನಕ್ಕ. ಅವಳು ನಗಲಿಲ್ಲ.

ಬೆಟಗೇರಿಯ ಬಯಲಿನಲ್ಲಿ ನನ್ನ ಮೇಲೆ ಅವಳ ಕಲಿಕೆ ಶುರುವಾಯಿತು. ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಸೀಟಿನ ತುದಿಗೆ ಬಂದು ಕೂತರೆ ಕಾಲು ಕ್ಲಚ್ಚಿಗೆ ಮುಟ್ಟುತ್ತಿತ್ತು. ನೇರ ಹೋಗಲು ಬೇಗ ಕಲಿತಳು. ಅಷ್ಟು ವರ್ಷ ರಸ್ತೆ ನೋಡಿದವಳಿಗೆ ರಸ್ತೆಯ ಭಯವಿರಲಿಲ್ಲ. ತಿರುಗಿಸುವುದು ಮಾತ್ರ ಆಗಲಿಲ್ಲ. ಮುರಿದು ಕೂಡಿದ ಕೈ ನನ್ನ ಸ್ಟೇರಿಂಗಿನ ಭಾರಕ್ಕೆ ತಡೆಯುತ್ತಿರಲಿಲ್ಲ. ಅವಳು ಇಡೀ ಮೈ ಹಾಕಿ ಎಳೆಯುತ್ತಿದ್ದಳು, ನಾನು ಅರ್ಧಕ್ಕೆ ನಿಲ್ಲುತ್ತಿದ್ದೆ. ಬೇಕೆಂದು ಮಾಡಿದ್ದಲ್ಲ. ನನ್ನನ್ನು ಹಾಗೆ ಮಾಡಿದ್ದರು.

ಪಕ್ಕದಲ್ಲಿ ಕೂತ ಈರಸಂಗಪ್ಪ ಮಾತ್ರ ಖುಷಿಯಲ್ಲಿದ್ದ. ನನ್ನ ಸದ್ದು ಅವನಿಗೆ ಗೊತ್ತಿತ್ತಲ್ಲ. "ಎಂಜಿನ್ ಒದರಾಕತ್ತೈತಿ, ಗೇರ್ ಹಾಕು. ಈಗ ಬಿಡು. ಈಗ ಒತ್ತು." ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಹೇಳುವಾಗ ಅವನ ಅಗಲವಾದ ಕೈ ಗಾಳಿಯಲ್ಲಿ ಗೇರ್ ಬದಲಿಸುತ್ತಿತ್ತು.

ಹಳೆಯ ಗೆಳೆಯ, ಮೆಕ್ಯಾನಿಕ್ ದಸ್ತಗೀರಸಾಬ ಇದನ್ನು ನೋಡಿ, ಇದು ನಡೆಯುವ ಬಾಬತ್ತಲ್ಲ ಎಂದ. ನನ್ನ ಎಂಜಿನ್ನೂ ಹೊಗೆ ಕಾರತೊಡಗಿತ್ತು. ಒಂದು ಭಾನುವಾರ ಅವನ ಗ್ಯಾರೇಜಿನ ಮುಂದೆ ನಾವು ಮೂರು ಗಾಡಿ ಸಾಲಾಗಿ ನಿಂತೆವು. ನಾನು ಒಂದು. ನನ್ನ ಪಕ್ಕದಲ್ಲಿ ನನ್ನದೇ ಪೀಳಿಗೆಯ ಇನ್ನೊಂದು. ಯಾರೋ ಕಡಿಮೆ ಓಡಿಸಿ ಜೋಪಾನ ಮಾಡಿದ್ದು, ಎಂಜಿನ್ ಗಟ್ಟಿ, ಮಾರಾಟಕ್ಕೆ ಬಂದಿತ್ತು. ಅದರಾಚೆ ಶೋರೂಮಿನವರು ಓಡಿಸಿ ನೋಡಲು ತಂದು ನಿಲ್ಲಿಸಿದ ಹೊಸ ಮಾಡೆಲ್. ನನ್ನ ಹೆಸರೇ ಅದಕ್ಕೂ ಇತ್ತು. ಆದರೆ ನಾನು ಮೂಲೆಮೂಲೆಯಾಗಿದ್ದ ಕಡೆ ಅದು ದುಂಡಗಿತ್ತು, ನಾನು ಕಬ್ಬಿಣವಾಗಿದ್ದ ಕಡೆ ಅದು ಪ್ಲಾಸ್ಟಿಕ್ಕಾಗಿತ್ತು.

ಈರಸಂಗಪ್ಪ ನೇರವಾಗಿ ಎರಡನೆಯದರ ಬಳಿ ಹೋದ. ಬಾನೆಟ್ ತಟ್ಟಿದ, ಸ್ಟಾರ್ಟ್ ಮಾಡಿಸಿದ, ಕಿವಿಗೊಟ್ಟು ನಿಂತ. ಮುಖ ಅರಳಿತು.

"ಇದ ಬೇಕು. ಏನ್ ಸಪ್ಪಳ ಐತಿ ಕೇಳ ದಸ್ತಗೀರ! ಇವಳು ಹೊಡೀಲಿ, ನಾ ಬಾಜೂಕ ಕುಂತು ಹೇಳ್ತೀನಿ."

"ವೈನೀನೂ ನೋಡ್ಲಿ, ಈರಸಂಗಣ್ಣ" ಎಂದ ದಸ್ತಗೀರ.

ಕಸ್ತೂರೆವ್ವ ಹೊಸ ಗಾಡಿ ಹತ್ತಿದಳು. ಸೀಟಿನ ಕೆಳಗಿನ ಸರಳು ಎತ್ತಿದಳು, ಸೀಟು ಮುಂದಕ್ಕೆ ಬಂತು. ದಿಂಬು ಬೇಕಾಗಲಿಲ್ಲ. ಗ್ಯಾರೇಜಿನ ಮುಂದಿನ ಬೇವಿನ ಮರವನ್ನು ಒಂದು ಸುತ್ತು ಹಾಕಿದಳು, ಎರಡನೆಯ ಸುತ್ತೂ ಹಾಕಿದಳು. ಸ್ಟೇರಿಂಗ್ ಅವಳ ಕೈಯಲ್ಲಿ ರೊಟ್ಟಿ ತಟ್ಟುವಾಗ ಹಿಟ್ಟು ತಿರುಗಿದ ಹಾಗೆ ತಿರುಗುತ್ತಿತ್ತು. ಇಳಿದಾಗ ಮುಖದಲ್ಲಿ ಅಂಥ ಸಂತೋಷವೇನೂ ಇರಲಿಲ್ಲ. ಗಂಡ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು.

"ಹೊಸಾದ ಬ್ಯಾಡ" ಎಂದ ಈರಸಂಗಪ್ಪ. "ಸಪ್ಪಳನ ಇಲ್ಲ ಅದಕ್ಕ. ಒಳಗ ಕುಂತ್ರ ಏನ್ ನಡದೈತಿ ಅನ್ನೂದ ಗೊತ್ತಾಗಂಗಿಲ್ಲ. ನಾ ಏನ್ ಹೇಳ್ಲಿ ನಿನಗ?"

"ಹೇಳೂದು ಬ್ಯಾಡ್ರಿ."

"ಅಂದ್ರ?"

"ನನ್ನ ಮಾತಿನ ಮ್ಯಾಲ ನೀವು ಹೊಡದ್ರಿ. ಏನಾತು ನೋಡಿದ್ರಿ. ಇನ್ನ ನಿಮ್ಮ ಮಾತಿನ ಮ್ಯಾಲ ನಾ ಹೊಡ್ಯಾಂಗಿಲ್ಲ."

ಅವಳು ದನಿ ಏರಿಸಿರಲಿಲ್ಲ. ಆದರೂ ದಸ್ತಗೀರ ಎದ್ದು, ಕೈ ಒರೆಸುವ ಬಟ್ಟೆ ಹುಡುಕುವ ನೆಪದಲ್ಲಿ ಒಳಗೆ ಹೋದ. ಈರಸಂಗಪ್ಪ ನಮ್ಮ ಪೀಳಿಗೆಯ ಆ ಗಾಡಿಯ ಬಾನೆಟ್ ಮೇಲಿನ ಕೈ ತೆಗೆಯಲಿಲ್ಲ. ಹಳೆಯದರಲ್ಲಿ ಅವನು ಕಣ್ಣಿಲ್ಲದ ಡ್ರೈವರ್ ಆಗಿಯಾದರೂ ಉಳಿಯುತ್ತಿದ್ದ. ಹೊಸದರಲ್ಲಿ ಬರೀ ಕೂತು ಹೋಗುವವನು. ಹೆಂಡತಿಗೆ ಅದು ಅರ್ಥವಾಗಿತ್ತು. ಅರ್ಥವಾಗಿಯೇ ಅವಳು ಹೊಸದನ್ನು ಆರಿಸಿದಳು.

ಕೆಲವು ದಿನ ಅಂಗಳದಲ್ಲಿ ಹಳೆಯದು ಹೊಸದು ಎರಡೂ ಒಟ್ಟಿಗೆ ನಿಂತಿದ್ದೆವು. ಲೈಸೆನ್ಸ್ ಬಂತು. ಅವಳ ಮೊದಲ ಬಾಡಿಗೆ ಶಿರಹಟ್ಟಿಯ ಒಂದು ಸೀಮಂತಕ್ಕೆ. ಆಳುಗಳು ಹೊಸ ಗಾಡಿಗೆ ಸಾಮಾನು ಹೇರಿದರು. ಈರಸಂಗಪ್ಪ ಮನೆಯಿಂದ ಹೊರಬಂದು ಅದನ್ನು ದಾಟಿ ನನ್ನ ಬಾಗಿಲು ತೆಗೆದ. ಡ್ರೈವರ್ ಸೀಟಿನಲ್ಲಿ ಕೂತ.

"ಬರ್ರಿ, ಹೊತ್ತಾತು" ಎಂದಳು ಕಸ್ತೂರೆವ್ವ.

ಅವನು ನನ್ನ ಬಾಗಿಲು ಎಳೆದುಕೊಂಡ. ಅವಳು ಇನ್ನೊಂದು ಸಲ ಕರೆದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತಿ, ಹೊರಟುಹೋದಳು. ಸದ್ದಿಲ್ಲದ ಗಾಡಿ. ಓಣಿಯ ತಿರುವು ದಾಟಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದ. ಬಿಸಿಲು ಏರಿತು. ಅವನು ನನ್ನ ಕ್ಲಚ್ ಒತ್ತಿದ, ಬಿಟ್ಟ. ಗೇರ್ ಹಾಕಿದ, ತೆಗೆದ. ನಾನು ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನದ ಊಟಕ್ಕೂ ಅವನು ಏಳಲಿಲ್ಲ.

ಸಂಜೆ ಅವಳು ಬಂದಳು. ಗಾಡಿಗೆ ಒಂದು ಗೀರೂ ಇರಲಿಲ್ಲ. ಅವಳ ಮುಖ ಮಾತ್ರ ಕೆಂಪಾಗಿತ್ತು. ನೇರ ನನ್ನ ಕಿಟಕಿಗೆ ಬಂದಳು.

"ಹಂದರ ಸೊಟ್ಟ ಆತು" ಎಂದಳು. "ಆಳುಗಳು ಹೆಂಗ ಬೇಕ ಹಂಗ ಗಳು ನಿಲ್ಲಿಸಿದ್ರು. ಗಾಳಿ ಬಂದ ಕೂಡ್ಲೆ ಪರದೆ ಹಾರಿ ಬಸರಿ ಹುಡಿಗಿ ಮ್ಯಾಲ ಬಿತ್ತು. ಸುದೈವ, ಏನೂ ಆಗಲಿಲ್ಲ. ಮಂದಿ ಏನಂದ್ರು ಗೊತ್ತೈತೇನ್ರಿ? ಹೊಂಬಳರ ಹಂದರ ಹಿಂಗ ಇರತಿದ್ದಿಲ್ಲ ಅಂದ್ರು."

ಅವನ ಕೈ ಇನ್ನೂ ನನ್ನ ಸ್ಟೇರಿಂಗ್ ಮೇಲೇ ಇತ್ತು.

"ಗಾಡಿ ಯಾರರ ಹೊಡೀತಾರ. ನಾನೂ ಹೊಡೀತೀನಿ, ನೋಡಿದ್ರಲ್ಲ. ಹಗ್ಗ ಜಗ್ಗಿ ಗಳು ನೆಟ್ಟಗ ನಿಂತಾವೋ ಇಲ್ಲೋ ಅನ್ನೂದು ಕೈಲೆ ತಿಳಿಯೂದು ನಿಮಗ ಒಬ್ಬರಿಗೆ. ಅದಕ್ಕ ಕಣ್ಣ ಬೇಕೇನ್ರಿ?"

"ಬ್ಯಾಡ" ಎಂದ ಈರಸಂಗಪ್ಪ.

"ಹಂಗಾರ ಇಳೀರಿ. ನಾಳೆ ನರೇಗಲ್ಲಿಗೆ ಹೋಗೂದೈತಿ. ನಾ ಮುಂಜಾನಿಯಿಂದ ಉಂಡಿಲ್ಲ."

ಅವನು ಇಳಿದ. ಮರುದಿನ ಹೊಸ ಗಾಡಿಯ ಎಡಗಡೆಯ ಬಾಗಿಲನ್ನು ತಡಕಾಡಿ ತೆಗೆದು, ತಲೆ ಬಗ್ಗಿಸಿ ಒಳಗೆ ಕೂತ. ಅಲ್ಲಿ ಅವರು ಏನು ಮಾತಾಡಿದರೋ ನನಗೆ ತಿಳಿಯದು. ಅದು ನನ್ನ ಕ್ಯಾಬಿನ್ ಅಲ್ಲ.

ಆ ವಾರವೇ ನನ್ನನ್ನು ಮಾರಿದರು. ಕೊಂಡವನು ಊರೂರಿಗೆ ಕಲ್ಲಂಗಡಿ ಒಯ್ಯುವವನು. ನನಗೆ ನೀಲಿ ಬಣ್ಣ ಹೊಡೆಸಿದ, ಕನ್ನಡಿಗೆ ಕಪ್ಪು ಗೊಂಡೆ ಕಟ್ಟಿದ. ಬೇಸಿಗೆಯಲ್ಲಿ ಹಣ್ಣು, ಉಳಿದಂತೆ ಈರುಳ್ಳಿ, ಒಮ್ಮೊಮ್ಮೆ ಎಮ್ಮೆ. ಅವನ ನಂತರ ಇಟ್ಟಿಗೆ ಭಟ್ಟಿಯವರ ಕೈಗೆ ಬಂದೆ. ಇಟ್ಟಿಗೆಯ ಭಾರಕ್ಕೆ ನನ್ನ ಬೆನ್ನು ಬಗ್ಗಿತು, ತಳದ ತಗಡು ತುಕ್ಕಿಗೆ ಹರಿಯಿತು. ಕೊನೆಗೆ ಎಂಜಿನ್ ಒಡೆದಾಗ ದಸ್ತಗೀರನ ಗ್ಯಾರೇಜಿಗೆ ಎಳೆದು ತಂದು, ಗೋಡೆಯ ಪಕ್ಕ ನಿಲ್ಲಿಸಿ ಹೋದರು. ಬೇಕಾದವರು ಬೇಕಾದ ಭಾಗ ಬಿಚ್ಚಿಕೊಂಡು ಹೋಗುತ್ತಾರೆ. ಬಾಗಿಲು ಈಗ ಒಂದೇ ಇದೆ. ಉಳಿದದ್ದು ಗುಜರಿಗೆ, ತೂಕಕ್ಕೆ ಹೋಗುತ್ತದೆ.

ಮೊನ್ನೆ ಕಸ್ತೂರೆವ್ವ ಗಾಡಿಗೆ ಆಯಿಲ್ ಹಾಕಿಸಲು ಬಂದಿದ್ದಳು. ಹೊಸ ಗಾಡಿಯೂ ಈಗ ಅಷ್ಟು ಹೊಸದಲ್ಲ. ಮೂತಿಯಲ್ಲಿ ಗೀರು, ಬದಿಯಲ್ಲಿ ತಗ್ಗು. ಅವಳ ತಲೆಯೂ ನೆರೆತಿದೆ. ಅವಳು ದಸ್ತಗೀರನ ಹತ್ತಿರ ಮಾತಾಡುತ್ತಿದ್ದಾಗ ಈರಸಂಗಪ್ಪ ಗೋಡೆ ಹಿಡಿದುಕೊಂಡು ಕಾಲಾಡಿಸುತ್ತ ನನ್ನ ಬಳಿ ಬಂದ. ಕೈ ನನ್ನ ಬಾನೆಟ್ಟಿಗೆ ತಗುಲಿತು. ಅಲ್ಲೇ ನಿಂತ. ತಗಡಿನ ಅಂಚಿನ ಮೇಲೆ ಬೆರಳು ಆಡಿಸಿದ.

"ಇದು ಯಾರ ಗಾಡಿ, ದಸ್ತಗೀರ?"

ದಸ್ತಗೀರ ಬಾಯಿ ತೆರೆದವನು ಕಸ್ತೂರೆವ್ವನ ಕಡೆ ನೋಡಿದ. ಅವಳು ನನ್ನನ್ನು ನೋಡಿದಳು. ನೀಲಿ ಬಣ್ಣ ಕಿತ್ತುಬಂದ ಕಡೆ ಒಳಗಿನ ಬಿಳಿ ಕಾಣುತ್ತಿತ್ತು, ಬೆನ್ನ ಮೇಲೆ ಇಟ್ಟಿಗೆಯ ಕೆಂಪು ಧೂಳಿತ್ತು. ಅವಳಿಗೆ ಗುರುತು ಸಿಕ್ಕಿತು.

"ಇಟ್ಟಂಗಿ ಭಟ್ಟಿಯವರದಂತ್ರಿ" ಎಂದಳು. "ಬರ್ರಿ, ಲಕ್ಷ್ಮೇಶ್ವರದಾಗ ಮಂದಿ ಕಾಯಾಕತ್ತಾರ."

ಅವನು ನನ್ನ ಬಾನೆಟ್ಟನ್ನು ಒಮ್ಮೆ ತಟ್ಟಿದ. "ಗಟ್ಟಿ ಮಾಲು" ಎಂದ. ಆಮೇಲೆ ಅವಳ ಭುಜದ ಮೇಲೆ ಕೈಯಿಟ್ಟು ನಡೆದ.

ಅವಳು ಹೇಳಿದ್ದು ಸುಳ್ಳಲ್ಲ. ಕಡೆಯದಾಗಿ ನಾನು ದುಡಿದದ್ದು ಭಟ್ಟಿಯವರಿಗೇ. ಗಾಡಿಯ ತುಂಬ ಗಳು ಹೇರಿಕೊಂಡು ಅವರಿಬ್ಬರೂ ಹೊರಟರು. ಎಂಜಿನ್ನಿನ ಸದ್ದು ಗ್ಯಾರೇಜಿನ ಗೇಟಿನ ತನಕವೂ ಕೇಳಲಿಲ್ಲ. ಕಸ್ತೂರೆವ್ವ ಬಲಕ್ಕೆ ಇಂಡಿಕೇಟರ್ ಹಾಕಿ, ಎರಡೂ ಕಡೆ ನೋಡಿ, ರಸ್ತೆಗೆ ಇಳಿದಳು.